ಸ್ಯಾನ್ ಫ್ರಾನ್ಸಿಸ್ಕೊ–ನ್ಯೂಯಾರ್ಕ್: ಟಿಕೆಟ್ ತೆಗೆಯುವ ಮುಂಚೆ ಯಾವ ಏರ್‌ಪೋರ್ಟ್ ಅಂತ ನೋಡಿ

ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿಗೆ ಸುಮಾರು 4,150 ಕಿಲೋಮೀಟರ್. ಹೋಗುವಾಗ ಐದೂವರೆ ಗಂಟೆ, ಬರುವಾಗ ಆರೂವರೆ ಹತ್ತಿರ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಹೋಗುವಾಗ ಹಿಂದಿನಿಂದ ತಳ್ಳುತ್ತದೆ, ಬರುವಾಗ ಎದುರಾಗುತ್ತದೆ. ಎರಡು ಊರಿನ ಗಡಿಯಾರಕ್ಕೂ ಮೂರು ಗಂಟೆ ವ್ಯತ್ಯಾಸ, ಹಾಗಾಗಿ ಬೆಳಿಗ್ಗೆ 8ಕ್ಕೆ ಹೊರಟವರು ಅಲ್ಲಿ ಇಳಿಯುವಾಗ ಸಂಜೆ ನಾಲ್ಕೂವರೆ.

ಜನ ದುಡ್ಡು ಕಳೆದುಕೊಳ್ಳುವುದು ಬೇರೆ ಕಡೆ. ನ್ಯೂಯಾರ್ಕ್ ಅಂತ ಹುಡುಕಿದರೆ ಜೆಎಫ್‌ಕೆ, ಲಗಾರ್ಡಿಯಾ, ನ್ಯೂಆರ್ಕ್ ಮೂರೂ ಏರ್‌ಪೋರ್ಟ್ ಒಟ್ಟಿಗೆ ಬರುತ್ತವೆ. ಲಗಾರ್ಡಿಯಾ ನಮಗೆ ಅಷ್ಟಾಗಿ ಬೇಡ, ಶನಿವಾರ ಬಿಟ್ಟರೆ 1,500 ಮೈಲಿಗಿಂತ ದೂರದ ನೇರ ವಿಮಾನಕ್ಕೆ ಅಲ್ಲಿ ಅವಕಾಶವಿಲ್ಲ (ಡೆನ್ವರ್ ಒಂದಕ್ಕೆ ವಿನಾಯಿತಿ). ನ್ಯೂಆರ್ಕ್ ಇರುವುದು ಪಕ್ಕದ ನ್ಯೂಜೆರ್ಸಿ ರಾಜ್ಯದಲ್ಲಿ. ಜೆಎಫ್‌ಕೆಯಿಂದ ಅಲ್ಲಿಗೆ ಹೋಗಬೇಕಾದರೆ ಇಡೀ ನಗರ ದಾಟಬೇಕು. ರಸ್ತೆ ಖಾಲಿ ಇದ್ದರೆ ಒಂದು ಗಂಟೆ, ಸಂಜೆಯಾದರೆ ಎರಡು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ರೈಲಿನಲ್ಲಿ ಹೋಗಬಹುದು, ಆದರೆ ಜಮೈಕಾ ಸ್ಟೇಷನ್ನಿನಲ್ಲಿ ಒಮ್ಮೆ, ಪೆನ್ ಸ್ಟೇಷನ್ನಿನಲ್ಲಿ ಇನ್ನೊಮ್ಮೆ ಬದಲಿಸಬೇಕು. ವಯಸ್ಸಾದವರು ಸೂಟ್‌ಕೇಸ್ ಎಳೆದುಕೊಂಡು ಮಾಡುವ ಕೆಲಸವಲ್ಲ ಅದು.

ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರದ ಸನಿವೇಲಿನಲ್ಲಿರುವ ಪರಿಚಯದ ಹುಡುಗನೊಬ್ಬ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವಾಗ ದೆಹಲಿಯಿಂದ ಜೆಎಫ್‌ಕೆಗೆ ಒಂದು ಟಿಕೆಟ್ ತೆಗೆದ, ಮುಂದಕ್ಕೆ ಅಗ್ಗ ಅಂತ ನ್ಯೂಆರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಬೇರೆ ಟಿಕೆಟ್ ತೆಗೆದ, ನಡುವೆ ನಾಲ್ಕು ಗಂಟೆ ಇದೆಯಲ್ಲ, ಧಾರಾಳವಾಯಿತು ಅಂದುಕೊಂಡ. ಇಮಿಗ್ರೇಷನ್ ಸಾಲಿನಲ್ಲೇ ಅರ್ಧ ಸಮಯ ಹೋಯಿತು. ಆಮೇಲೆ ಬ್ಯಾಗಿಗೆ ಕಾಯುವುದು, ಟ್ಯಾಕ್ಸಿ, ಟ್ರಾಫಿಕ್. ಅವರು ತಲುಪುವಷ್ಟರಲ್ಲಿ ಬ್ಯಾಗ್ ಚೆಕ್-ಇನ್ ಮಾಡುವ ಕೌಂಟರ್ ಮುಚ್ಚಿತ್ತು. ವಿಮಾನ ಹೊರಡುವುದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಮುಚ್ಚುತ್ತಾರೆ, ಬೇಡಿಕೊಂಡರೂ ತೆಗೆಯುವುದಿಲ್ಲ. ಅವತ್ತಿನ ದರಕ್ಕೆ ಹೊಸ ಟಿಕೆಟ್ ತೆಗೆಯಬೇಕಾಯಿತು. ಬೇರೆ ಬೇರೆ ಟಿಕೆಟ್ ಆದರೆ ಮೊದಲ ವಿಮಾನ ಎಷ್ಟೇ ತಡವಾಗಲಿ, ಎರಡನೆಯ ಕಂಪನಿಗೆ ಸಂಬಂಧವೇ ಇಲ್ಲ. ಜೊತೆಗೆ ಅಮೆರಿಕದ ಒಳನಾಡು ವಿಮಾನಗಳಲ್ಲಿ ಸಾಮಾನ್ಯವಾಗಿ ಪ್ರತಿ ಬ್ಯಾಗಿಗೂ ಬೇರೆ ದುಡ್ಡು. ಆ ಅಗ್ಗದಲ್ಲಿ ಉಳಿದದ್ದೇನು ಹೇಳಿ!

ಈ ವಿಷಯದಲ್ಲಿ ನಮ್ಮ ಬೆಂಗಳೂರೇ ಮೇಲು. ದೇವನಹಳ್ಳಿ ದೂರ ಅಂತ ಎಷ್ಟೇ ಬೈದುಕೊಳ್ಳಲಿ, ಇಳಿಯುವುದೂ ಹತ್ತುವುದೂ ಒಂದೇ ಕಡೆ ಅಲ್ವಾ? ಅಮೆರಿಕದ ಏರ್‌ಪೋರ್ಟ್‌ಗಳಲ್ಲಿ ನನಗೆ ಹಿಡಿಸಿದ್ದು ಒಂದೇ, ಟಿಕೆಟ್ ಇಲ್ಲದವರೂ ಸೆಕ್ಯುರಿಟಿವರೆಗೆ ಒಳಗೆ ಬಂದು ಅಪ್ಪ-ಅಮ್ಮನಿಗೆ ಚೆಕ್-ಇನ್ ಮಾಡಿಸಿಕೊಡಬಹುದು.

ಹಾಗಾಗಿ ಊರಿನಿಂದ ನಿಮ್ಮ ಮನೆ ಹತ್ತಿರದ ಏರ್‌ಪೋರ್ಟ್‌ವರೆಗೆ ಒಂದೇ ಟಿಕೆಟ್ ತೆಗೆಯಿರಿ, ಸ್ವಲ್ಪ ಜಾಸ್ತಿಯಾದರೂ ಸರಿ. ಹಾಗೆ ತೆಗೆದರೂ ಅಮೆರಿಕದಲ್ಲಿ ಮೊದಲು ಇಳಿದ ಕಡೆ ಸಾಮಾನ್ಯವಾಗಿ ಬ್ಯಾಗ್ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು, ಆಮೇಲೆ ಹೊಸದಾಗಿ ಸೆಕ್ಯುರಿಟಿ. ತುಪ್ಪ, ಉಪ್ಪಿನಕಾಯಿ ಏನಾದರೂ ಕೈಚೀಲದಲ್ಲಿದ್ದರೆ ಆ ಬ್ಯಾಗ್ ಕೊಡುವ ಮುಂಚೆಯೇ ಅದರೊಳಗೆ ಹಾಕಿಬಿಡಿ ಅಂತ ಅಮ್ಮನಿಗೆ ಹೊರಡುವಾಗಲೇ ಹೇಳಿ.