ವಾಕ್ಯದ ಬಾಲ ನುಂಗಬೇಡಿ

ಭಾಗಮಂಡಲದ ಕಡೆ ಮಳೆಗಾಲದಲ್ಲಿ ಸಭೆ ಮಾಡಿದವರಿಗೆ ಗೊತ್ತು, ಶೀಟಿನ ಮಾಡಿನ ಕೆಳಗೆ ಮೈಕು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 2015ರಲ್ಲಿ ಪಂಚಾಯಿತಿಗೆ ಗೆದ್ದ ಮೇಲೆ ನನ್ನ ಮೊದಲ ಗ್ರಾಮಸಭೆ ಅಂಥದೊಂದು ಮಧ್ಯಾಹ್ನವೇ ನಡೆಯಿತು. ರಾತ್ರಿಯೆಲ್ಲ ಕೂತು ಮೂರು ಪುಟ ಬರೆದುಕೊಂಡಿದ್ದೆ. ಎದ್ದು ನಿಂತಾಗ ಕೈ ನಡುಗಿ ಕಾಗದ ಪಟಪಟ ಅಂದಿತು, ಅದು ಮೈಕಿನಲ್ಲಿ ಮಳೆಗಿಂತ ಜೋರಾಗಿ ಕೇಳಿಸಿತು. ಹೇಗೋ ಓದಿ ಮುಗಿಸಿ ಕೂತೆ.

ನಾಲ್ಕು ದಿನ ಬಿಟ್ಟು ನಮ್ಮ ವಾರ್ಡಿನ ಒಬ್ಬರು ಕಣಿಲೆ, ಅಂದರೆ ಎಳೆ ಬಿದಿರು, ಹಿಡಿದುಕೊಂಡು ಮನೆಗೆ ಬಂದರು. "ನೀರಿನ ಪೈಪಿಗೆ ದುಡ್ಡು ಇಟ್ಟಿರಲ್ಲಾ ಅಕ್ಕ, ತುಂಬಾ ಉಪಕಾರ ಆಯ್ತು" ಅಂದರು. ನಾನು ಓದಿದ್ದು "ಈ ವರ್ಷ ಪೈಪಿಗೆ ಹಣ ಇಟ್ಟಿಲ್ಲ" ಅಂತ. ಹಿಂದಿನ ಸಾಲಿಗೆ "ಹಣ ಇಟ್ಟ..." ವರೆಗೆ ಮಾತ್ರ ಹೋಗಿತ್ತು. ಕಣಿಲೆ ವಾಪಸ್ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಪಲ್ಯ ಮಾಡಿದೆ, ಗಂಟಲಲ್ಲಿ ಇಳಿಯಲಿಲ್ಲ.

ಭಾಷಣ ಕಲಿಯುವ ಬಗ್ಗೆ ಯಾರಾದರೂ ಕೇಳಿದರೆ ನಾನು ಇಲ್ಲಿಂದಲೇ ಶುರು ಮಾಡುತ್ತೇನೆ. ಕನ್ನಡದಲ್ಲಿ ಮಾತಿನ ಜೀವ ಇರುವುದು ವಾಕ್ಯದ ಬಾಲದಲ್ಲಿ. ಕೊಡುತ್ತೇವೋ ಕೊಡುವುದಿಲ್ಲವೋ, ಆಯಿತೋ ಆಗಲಿಲ್ಲವೋ, ಎಲ್ಲ ತೀರ್ಮಾನವಾಗುವುದು ಕೊನೆಯ ಪದದಲ್ಲಿ. ನನ್ನ ಮನೆಮಾತು ಅರೆಭಾಷೆ. ಅದರ "ಇಲ್ಲೆ" ಕೊನೆಗೇ ಬರುತ್ತದೆ. ಕೊಡವ ತಕ್ಕಿನದೂ ಹಾಗೇ, ತುಳುವಿನ "ಇಜ್ಜಿ"ಯೂ ಹಾಗೇ. ನಮ್ಮ ಉಸಿರು ಮುಗಿಯುವುದೂ ಅಲ್ಲೇ. ಹೆದರಿದವರು ಅರ್ಧ ಉಸಿರಿನಲ್ಲಿ ಮಾತು ಶುರು ಮಾಡುತ್ತಾರೆ, ಉದ್ದ ವಾಕ್ಯ ಎಳೆಯುತ್ತಾರೆ, ಕೊನೆಗೆ ಬರುವಷ್ಟರಲ್ಲಿ ದನಿ ಬಿದ್ದುಹೋಗಿರುತ್ತದೆ.

ಇದಕ್ಕೆ ನಾನು ಮಾಡಿದ ಅಭ್ಯಾಸ ಹೀಗಿದೆ. ಮಳೆಗಾಲದಲ್ಲಿ ನಮ್ಮ ಕಾಫಿ ಕಣ ಖಾಲಿ. ಕಣದ ಆಚೆ ಕೊಟ್ಟಿಗೆ, ಈಚೆ ಮನೆಯ ಜಗಲಿ, ನಡುವೆ ಸುಮಾರು ಐವತ್ತು ಹೆಜ್ಜೆ. ಅತ್ತೆಯನ್ನು ಕೊಟ್ಟಿಗೆ ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದೆ. ಅವರಿಗೆ ಎಡಗಿವಿ ಸ್ವಲ್ಪ ಮಂದ, ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿತ್ತು. ನಾನು ಜಗಲಿಯಲ್ಲಿ ನಿಂತು ಒಂದೊಂದೇ ವಾಕ್ಯ ಹೇಳಬೇಕು. ಕೊನೆಯ ಪದ ಕೇಳಿಸಿದರೆ ಅವರು ಕೈ ಎತ್ತಬೇಕು. ಮೊದಲ ದಿನ ಹತ್ತು ವಾಕ್ಯಕ್ಕೆ ಎರಡು ಸಲ ಕೈ ಎದ್ದಿತು. ಕಿರುಚಿ ನೋಡಿದೆ, ಗಂಟಲು ಕಟ್ಟಿತು, ಕೈ ಏಳಲಿಲ್ಲ. ಕಿರುಚಿದರೆ ದನಿ ತೆಳ್ಳಗಾಗಿ ಮೇಲೆ ಹೋಗುತ್ತದೆ, ಅಕ್ಷರ ಒಡೆಯುತ್ತದೆ. ಆಮೇಲೆ ದಾರಿ ಸಿಕ್ಕಿತು: ಹೊಟ್ಟೆ ಉಬ್ಬುವ ಹಾಗೆ ಉಸಿರು ತೆಗೆದುಕೊಳ್ಳಿ, ಎಂಟು ಹತ್ತು ಪದಕ್ಕೆ ವಾಕ್ಯ ಮುಗಿಸಿ, ಕೊನೆಯ ಪದವನ್ನು ಸ್ವಲ್ಪ ನಿಧಾನ ಮಾಡಿ, ಆಮೇಲೆ ಬಾಯಿ ಮುಚ್ಚಿ ಮುಂದಿನ ಉಸಿರು ತೆಗೆದುಕೊಳ್ಳಿ. ಮಳೆ ಜೋರಾದರೆ ಅದರ ಜೊತೆ ಪೈಪೋಟಿಗೆ ಹೋಗಬೇಡಿ, ನಿಲ್ಲಿಸಿ. ಜನ ಕಾಯುತ್ತಾರೆ. ನಮ್ಮ ಕಡೆಯವರಿಗೆ ಮಳೆಗೆ ಕಾಯುವುದು ಹೊಸದಲ್ಲ.

ಭಯದ ಮಾತು. ಅದು ಹೋಗುವುದಿಲ್ಲ, ನನಗೆ ಈಗಲೂ ಇದೆ. ಎದೆ ಹೊಡೆದುಕೊಳ್ಳುವುದು, ಬಾಯಿ ಒಣಗುವುದು, ಇದೆಲ್ಲ ಅಡ್ರಿನಾಲಿನ್ ಅನ್ನುವ ಹಾರ್ಮೋನಿನ ಕೆಲಸ. ತೋಟದಲ್ಲಿ ಆನೆ ಎದುರಾದರೆ ಓಡಲು ಕಾಲಿಗೆ ಬಲ ಕೊಡುವುದೂ ಅದೇ. ವೇದಿಕೆಯಲ್ಲಿ ಓಡುವ ಹಾಗಿಲ್ಲ, ಅದಕ್ಕೇ ಕೈಕಾಲು ನಡುಗುತ್ತದೆ. ಹೆಸರು ಕರೆಯುವ ಮೊದಲು ಐದಾರು ಸಲ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ, ಬಡಿತ ಇಳಿಯುತ್ತದೆ. ಎರಡೂ ಪಾದ ನೆಲಕ್ಕೆ ಊರಿ ನಿಲ್ಲಿ. "ನನಗೆ ಮಾತಾಡೋಕೆ ಬರಲ್ಲ, ತಪ್ಪಾದರೆ ಕ್ಷಮಿಸಿ" ಅಂತ ಮಾತ್ರ ಶುರು ಮಾಡಬೇಡಿ. ಅಲ್ಲಿಯವರೆಗೆ ಯಾರೂ ನಿಮ್ಮ ತಪ್ಪು ಹುಡುಕುತ್ತಿರುವುದಿಲ್ಲ, ನೀವೇ ಕೆಲಸ ಹಚ್ಚಿದ ಹಾಗಾಗುತ್ತದೆ.

ಮೂರು ಪುಟ ಬರೆಯುವುದನ್ನು ಬಿಟ್ಟೆ. ಮೊದಲ ವಾಕ್ಯ, ಕೊನೆಯ ವಾಕ್ಯ ಬಾಯಿಪಾಠ. ನಡುವಿನದಕ್ಕೆ ಆಮಂತ್ರಣ ಪತ್ರಿಕೆಯ ಹಿಂದೆ ಮೂರು ನಾಲ್ಕು ಪದ ಸಾಕು: ಪೈಪು, ಬೀದಿದೀಪ, ಆನೆ. ಅಂಕಿ ಇದ್ದರೆ ಅದನ್ನೂ ಬರೆದುಕೊಳ್ಳಿ, ಅಂಕಿ ನೆನಪಿನಿಂದ ಹೇಳಲು ಹೋಗಬೇಡಿ. ದಪ್ಪ ಕಾಗದವಾದ್ದರಿಂದ ಅದು ಪಟಪಟ ಅನ್ನುವುದೂ ಇಲ್ಲ. ವೇದಿಕೆಯ ಮೇಲೆ ಹದಿನಾಲ್ಕು ಜನ ಕೂತಿದ್ದರೆ ಹದಿನಾಲ್ಕು ಹೆಸರು ಹೇಳುವುದು ನಮ್ಮಲ್ಲಿ ಒಂದು ರೋಗ. ನಾನು ಅಧ್ಯಕ್ಷರಿಗೆ ಮತ್ತು ಸಭೆಗೆ ನಮಸ್ಕಾರ ಹೇಳಿ ವಿಷಯಕ್ಕೆ ಬರುತ್ತೇನೆ. ಒಬ್ಬರು ಇದೇ ಕಾರಣಕ್ಕೆ ಒಂದು ವರ್ಷ ನನ್ನ ಹತ್ತಿರ ಮಾತು ಬಿಟ್ಟಿದ್ದರು. ಲಾಭ ನಷ್ಟ ಎರಡೂ ಸರಿಹೋಯಿತು.

ಮೈಕನ್ನು ಊದಿ, ತಟ್ಟಿ ನೋಡಬೇಡಿ. ಬಾಯಿಂದ ನಾಲ್ಕು ಬೆರಳು ದೂರ ಇರಲಿ. ಕುಂಯ್ ಅಂತ ಕೂಗಿಕೊಂಡರೆ ಮೈಕು ಸ್ಪೀಕರ್ ಪೆಟ್ಟಿಗೆಯ ದನಿಯನ್ನೇ ಮತ್ತೆ ಹಿಡಿಯುತ್ತಿದೆ ಅಂತ ಅರ್ಥ. ಪೆಟ್ಟಿಗೆಯ ಹಿಂದಕ್ಕೆ ಸರಿದು ನಿಲ್ಲಿ.

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗಳು ಟೋಸ್ಟ್‌ಮಾಸ್ಟರ್ಸ್ ಕೂಟಕ್ಕೆ ಹೋಗುತ್ತಾಳೆ. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನುವವರು ಶುರು ಮಾಡಿದ್ದಂತೆ. ಅಲ್ಲಿ ಒಬ್ಬರು ಸಮಯ ನೋಡುತ್ತಾರೆ, ಇನ್ನೊಬ್ಬರು "ಆಂ, ಊಂ" ಎಷ್ಟು ಸಲ ಬಂತು ಅಂತ ಎಣಿಸುತ್ತಾರೆ. ನಮ್ಮೂರಲ್ಲಿ ಅಂಥ ಕೂಟ ಇಲ್ಲ, ಫೋನಿನಲ್ಲಿ ರೆಕಾರ್ಡರ್ ಇದೆ. ನನ್ನ ನಾಲ್ಕು ನಿಮಿಷದ ಮಾತಿನಲ್ಲಿ ಇಪ್ಪತ್ತಮೂರು "ಅಲ್ವಾ" ಇತ್ತು. ಕೇಳಿ ನಾಚಿಕೆಯಾಯಿತು, ಅಲ್ವಾ ಅನ್ನುವ ಜಾಗದಲ್ಲಿ ಸುಮ್ಮನಿರಲು ಕಲಿಯಲು ಒಂದು ಕಾಫಿ ಕೊಯ್ಲಿನಿಂದ ಇನ್ನೊಂದು ಕೊಯ್ಲಿನವರೆಗೆ ಹಿಡಿಯಿತು.

ಈಗ ಕೇಳುವ ಮಾತಿಗೆ ಬರುತ್ತೇನೆ. ಮಾತಾಡುವುದಕ್ಕಿಂತ ಇದು ನನಗೆ ಕಷ್ಟವಾಯಿತು. ವಾಕ್ಯದ ಬಾಲದ ಲೆಕ್ಕ ಇಲ್ಲಿಯೂ ಅದೇ. ಎದುರಿನವರ ಮಾತನ್ನು ನಡುವೆ ತುಂಡು ಮಾಡಿದರೆ "ಇಲ್ಲ" ಬರುವ ಮೊದಲೇ ಉತ್ತರ ಕೊಟ್ಟಿರುತ್ತೇವೆ. ಒಂದು ವಾರ್ಡ್‌ಸಭೆಯಲ್ಲಿ ಅಜ್ಜನೊಬ್ಬರು ಎದ್ದು "ನಮ್ಮ ರಸ್ತೆ..." ಅಂದರು. ರಸ್ತೆ ಅಂದ ಕೂಡಲೇ ನಾನು ಅನುದಾನ, ಟೆಂಡರು, ಮಳೆ ಮುಗಿಯಲಿ ಅಂತ ಉತ್ತರ ಸುರಿದೆ. ಅಜ್ಜ ಕೂತುಬಿಟ್ಟರು. ಸಭೆ ಮುಗಿದ ಮೇಲೆ ಚಹಾ ಕೊಡುತ್ತಾ ಕೇಳಿದೆ, "ಅಜ್ಜ, ನೀವು ಹೇಳಬೇಕು ಅಂತಿದ್ದದ್ದು ಏನು?" ಅಂತ. "ನಮ್ಮ ರಸ್ತೆ ಆಗದಿದ್ದರೂ ತೊಂದರೆ ಇಲ್ಲ, ಮಕ್ಕಳು ಶಾಲೆಗೆ ದಾಟುವ ಪಾಲ ಮೊದಲು ಮಾಡಿ" ಅನ್ನುವುದು ಅವರ ಪೂರ್ತಿ ವಾಕ್ಯ. ಪಾಲ ಅಂದರೆ ತೋಡು ದಾಟುವ ಕಾಲುಸೇತುವೆ, ಎರಡು ಅಡಿಕೆ ಮರ ಅಡ್ಡ ಹಾಕಿದ್ದು. ರಸ್ತೆಯ ಹೆಸರು ಬಂದದ್ದು ಬೇಡ ಅನ್ನುವುದಕ್ಕೆ!

ಆವತ್ತಿನಿಂದ ಒಂದು ನಿಯಮ ಇಟ್ಟುಕೊಂಡೆ. ಉತ್ತರ ಕೊಡುವ ಮೊದಲು ಅವರ ಮಾತನ್ನು ನನ್ನ ಬಾಯಲ್ಲಿ ಒಮ್ಮೆ ಹೇಳಿ "ಸರಿಯಾ?" ಅಂತ ಕೇಳುತ್ತೇನೆ. ಇದು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ನೆರೆಯ ಕೊಡವರ ಮನೆಯಲ್ಲಿ ಸುಗ್ಗಿ ಹಬ್ಬವಾದ ಹುತ್ತರಿಗೆ ಬಾಳೊಪಾಟ್ ಹಾಡುವಾಗ ನಾಲ್ಕು ಜನ ದುಡಿ ಅನ್ನುವ ಪುಟ್ಟ ವಾದ್ಯ ಹಿಡಿದಿರುತ್ತಾರೆ. ಇಬ್ಬರು ಒಂದು ಸಾಲು ಹಾಡಿದರೆ ಇನ್ನಿಬ್ಬರು ಅದನ್ನೇ ಮತ್ತೆ ಹಾಡುತ್ತಾರೆ. ಮೊದಲಿನವರ ಸಾಲಿನ ಕೊನೆಯವರೆಗೆ ಕಿವಿ ಕೊಡದಿದ್ದರೆ ಎರಡನೆಯವರಿಗೆ ಹಾಡಲು ಏನೂ ಇರುವುದಿಲ್ಲ. ಮೊದಮೊದಲು ಜನ ನಕ್ಕರು, ಮೆಂಬರು ಗಿಣಿಯ ಹಾಗೆ ಹೇಳುತ್ತಾರೆ ಅಂದರು. ಆದರೆ ಅರ್ಧದಷ್ಟು ಸಲ ಉತ್ತರ "ಅಲ್ಲ, ನಾನು ಹೇಳಿದ್ದು ಬೇರೆ" ಅಂತಲೇ ಇರುತ್ತಿತ್ತು.

ಸಭೆಯಲ್ಲಿ ಬಾಯಿ ಬಿಡದವರನ್ನು ಕೇಳಲು ಬೇರೆ ದಾರಿ ಬೇಕು. ತೋಟದ ಲೈನ್‌ಮನೆಯ, ಅಂದರೆ ಕೂಲಿಯವರ ಸಾಲುಮನೆಯ, ಹೆಂಗಸರು ಸಭೆಗೆ ಬಂದರೂ ಕೊನೆಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಅವರ ಹತ್ತಿರ ನಾವೇ ಹೋಗಬೇಕು, ಸಂಜೆ ಕೆಲಸ ಬಿಟ್ಟ ಮೇಲೆ. ಅವರು ನೆಲದಲ್ಲಿ ಕೂತಿದ್ದರೆ ಕುರ್ಚಿ ಬೇಡ. ಪುಸ್ತಕ, ಪೆನ್ನು ಮೊದಲೇ ತೆಗೆಯಬೇಡಿ, ಸಹಿ ಹಾಕಿಸಲು ಬಂದಿದ್ದಾರೆ ಅಂದುಕೊಳ್ಳುತ್ತಾರೆ. ಒಂದು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಹತ್ತು ಎಣಿಸಿ. ಆರು ಏಳು ಬರುವಾಗ ಆ ಮೌನ ತಡೆಯಲಾಗುವುದಿಲ್ಲ, ನಾವೇ ಉತ್ತರ ಹೇಳಿಕೊಡಲು ಹೊರಡುತ್ತೇವೆ. ತಡೆದುಕೊಳ್ಳಿ. ಯರವ ಬುಡಕಟ್ಟಿನ ಹೆಂಗಸೊಬ್ಬಳು ಹಾಗೆ ಸುಮ್ಮನೆ ಕೂತ ಮೇಲೆಯೇ ಹೇಳಿದ್ದು, ಬೀದಿದೀಪ ಇರುವುದು ತೋಟದ ಗೇಟಿನ ಹತ್ತಿರ, ಆನೆ ಬರುವುದು ನೀರು ತರುವ ದಾರಿಯಲ್ಲಿ ಅಂತ. ಮುಂದಿನ ಗ್ರಾಮಸಭೆಯಲ್ಲಿ ನಾನು ಆಡಿದ್ದು ಅವಳ ಈ ಮಾತನ್ನೇ, ಅವಳ ಒಪ್ಪಿಗೆ ಕೇಳಿಕೊಂಡು. ಆ ದಿನ ಕೈ ನಡುಗಲಿಲ್ಲ. ಬಾಯಿಪಾಠ ಮಾಡಿದ್ದು ಮರೆಯಬಹುದು, ಕಣ್ಣಾರೆ ನೋಡಿ ಕೇಳಿದ್ದು ಹೇಗೆ ಮರೆಯುತ್ತದೆ?

ಮಾತು ಮುಗಿದ ಕೂಡಲೇ ಜೀಪು ಹತ್ತಿ ಹೋಗಬೇಡಿ. ಉಪ್ಪಿಟ್ಟಿನ ತಟ್ಟೆ ಹಿಡಿದು ಹಿಂದಿನ ಸಾಲಿನ ಒಬ್ಬರನ್ನು ಹಿಡಿಯಿರಿ. "ಚೆನ್ನಾಗಿತ್ತಾ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅಂತಲೇ ಅನ್ನುತ್ತಾರೆ. "ನಾನು ಪೈಪಿನ ಬಗ್ಗೆ ಏನು ಹೇಳಿದೆ?" ಅಂತ ಕೇಳಿ. ಅವರ ಬಾಯಲ್ಲಿ "ಇಟ್ಟಿಲ್ಲ" ಬಂದರೆ ಬೇಸರವಾದರೂ ಸರಿ, ಯಾರೂ ಕಣಿಲೆ ಹಿಡಿದುಕೊಂಡು ಮನೆಗೆ ಬರುವುದಿಲ್ಲ.