ಟಿವಿಯ ಮುಂದೆ ಏಳು ಅಡಿ: ಕೈಯಲ್ಲಿ ಏನೂ ಹಿಡಿಯದೆ ಆಡುವ ಆಟಕ್ಕೆ ಮನೆಯನ್ನು ಅಣಿಗೊಳಿಸುವುದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ತುಮಕೂರಿನ ನಾಲ್ಕು ಮನೆಗಳಲ್ಲಿ ನಾನು ಹೆಚ್ಚುಕಡಿಮೆ ಒಂದೇ ದೃಶ್ಯವನ್ನು ಕಂಡೆ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ನೆಂಟರು ಬಳಸಿ ಬಿಟ್ಟ ಎಕ್ಸ್‌ಬಾಕ್ಸ್ 360 ಎಂಬ ವಿಡಿಯೊ ಗೇಮ್ ಯಂತ್ರವೂ, ಆಟಗಾರರ ಮೈಯ ಚಲನೆಯನ್ನು ನೋಡಿ ಪರದೆಯ ಗೊಂಬೆಯನ್ನು ಆಡಿಸುವ ಕಿನೆಕ್ಟ್ ಎಂಬ ಉದ್ದನೆಯ ಕ್ಯಾಮೆರಾ ಪಟ್ಟಿಯೂ ಮನೆಗೆ ಬರುತ್ತವೆ. ಸಂಜೆ ನಾಲ್ಕು ಗಂಟೆಗೆ ಮಕ್ಕಳು ಅದನ್ನು ಟಿವಿಗೆ ಜೋಡಿಸುತ್ತಾರೆ. ಪರದೆಯ ಮೇಲಿನ ಗೊಂಬೆ ಕುಂಟುತ್ತದೆ, ನಡುಗುತ್ತದೆ, ಮಂಡಿಯಿಂದ ಕೆಳಗೆ ಕಾಲೇ ಇಲ್ಲದಂತಾಗುತ್ತದೆ. ಅರ್ಧ ಗಂಟೆಯೊಳಗೆ ‘ಇದು ಕೆಟ್ಟಿದೆ’ ಎಂದು ತೀರ್ಮಾನವಾಗಿ ಎಲ್ಲವೂ ಅಟ್ಟ ಸೇರುತ್ತದೆ. ಆ ನಾಲ್ಕು ಮನೆಗಳ ಪೈಕಿ ಮೂರರಲ್ಲಿ ಯಂತ್ರ ಸುಸ್ಥಿತಿಯಲ್ಲಿತ್ತು. ತಪ್ಪಿದ್ದದ್ದು ಜಾಗ ಮತ್ತು ಬೆಳಕಿನ ಏರ್ಪಾಡು. ಇಂಥ ಸಾಧನದ ಬಗ್ಗೆ ಮೊದಲ ದಿನ ಮೂಡುವ ಅನಿಸಿಕೆ ನಿಜವಾಗಿ ಆ ಕೋಣೆಯ ಬಗೆಗಿನ ಅನಿಸಿಕೆಯಾಗಿರುತ್ತದೆ. ಆದ್ದರಿಂದ ಯಂತ್ರವನ್ನು ಅಳೆಯುವ ಮೊದಲು ಕೋಣೆಯನ್ನು ಅಳೆಯಬೇಕು.

ಕಿನೆಕ್ಟ್ ನೋಡುವ ಬಗೆಯನ್ನು ತಿಳಿದುಕೊಂಡರೆ ಮುಂದಿನ ಕೆಲಸವೆಲ್ಲ ಸುಲಭ. ಮೈಕ್ರೊಸಾಫ್ಟ್ ಕಂಪನಿಯು 2009ರ ಜೂನ್‌ನಲ್ಲಿ ‘ಪ್ರಾಜೆಕ್ಟ್ ನೇಟಾಲ್’ ಎಂಬ ಹೆಸರಿನಲ್ಲಿ ಪ್ರಕಟಿಸಿ, 2010ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ತಂದ ಈ ಪಟ್ಟಿಯಲ್ಲಿ ಎರಡು ಕ್ಯಾಮೆರಾಗಳು, ಒಂದು ಅವಕೆಂಪು (ಇನ್‌ಫ್ರಾರೆಡ್) ದೀಪ ಮತ್ತು ನಾಲ್ಕು ಮೈಕ್‌ಗಳಿವೆ. ದೀಪವು ಕಣ್ಣಿಗೆ ಕಾಣದ ಸಾವಿರಾರು ಚುಕ್ಕೆಗಳನ್ನು ಕೋಣೆಯ ತುಂಬ ಚೆಲ್ಲುತ್ತದೆ. ಆ ಚುಕ್ಕೆಗಳು ಯಾವ ವಸ್ತುವಿನ ಮೇಲೆ ಹೇಗೆ ಸರಿದು ಬಿದ್ದಿವೆ ಎಂಬುದನ್ನು ಒಂದು ಕ್ಯಾಮೆರಾ ನೋಡಿ, ಯಾವ ವಸ್ತು ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅದರಿಂದ ಮನುಷ್ಯನ ಆಕಾರವನ್ನು ಬೇರ್ಪಡಿಸಿ, ತಲೆ, ಭುಜ, ಮೊಣಕೈ, ಮಂಡಿ ಹೀಗೆ 20 ಸಂಧಿಗಳನ್ನು ಗುರುತಿಸುತ್ತದೆ. ಈ ಚುಕ್ಕೆಗಳ ತಂತ್ರ ಪ್ರೈಮ್‌ಸೆನ್ಸ್ ಎಂಬ ಇಸ್ರೇಲಿನ ಕಂಪನಿಯದು. ಆ ಕಂಪನಿಯನ್ನು 2013ರಲ್ಲಿ ಆ್ಯಪಲ್ ಕೊಂಡಿತು. ಐಫೋನ್ ಇಂದು ಮುಖ ನೋಡಿ ಬೀಗ ತೆರೆಯುವುದೂ ಇಂಥದೇ ಚುಕ್ಕೆಗಳ ನೆರವಿನಿಂದ. ಮಕ್ಕಳ ಕಣ್ಣಿಗೆ ತೊಂದರೆಯಾದೀತೇ ಎಂದು ಹಲವು ತಾಯಂದಿರು ಕೇಳಿದ್ದಾರೆ. ಇದು ಮೊದಲ ದರ್ಜೆಯ ಲೇಸರ್, ಅಂದರೆ ಸಾಮಾನ್ಯ ಬಳಕೆಯಲ್ಲಿ ಕಣ್ಣಿಗೆ ಅಪಾಯವಿಲ್ಲದ ವರ್ಗದ್ದು.

ಕೊಳ್ಳುವ ಮುನ್ನ

ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿರುವುದರಿಂದ ಈಗ ಸಿಗುವುದೆಲ್ಲ ಬಳಸಿದ ಮಾಲು ಅಥವಾ ಹಳೆಯ ದಾಸ್ತಾನು. ಎರಡು ಪೀಳಿಗೆಗಳಿವೆ. 2010ರದು ಎಕ್ಸ್‌ಬಾಕ್ಸ್ 360ಕ್ಕೆ, 2013ರದು ಎಕ್ಸ್‌ಬಾಕ್ಸ್ ಒನ್‌ಗೆ. ಒಂದರ ಪಟ್ಟಿ ಇನ್ನೊಂದಕ್ಕೆ ಹೊಂದುವುದಿಲ್ಲ. ಎರಡನೆಯದು ಬೆಳಕು ಹೋಗಿ ಮರಳಿ ಬರುವ ಕಾಲವನ್ನು ಅಳೆದು ದೂರವನ್ನು ಕಂಡುಹಿಡಿಯುತ್ತದೆ, ಅದರ ನೋಟವೂ ಹೆಚ್ಚು ಅಗಲ. ನಿಮ್ಮ ಹಾಲ್ ಚಿಕ್ಕದಾಗಿದ್ದರೆ ಹೆಚ್ಚು ಹಣ ಕೊಟ್ಟಾದರೂ ಅದನ್ನೇ ತನ್ನಿ. ಆದರೆ ಅದು ಮೊದಲ ಎಕ್ಸ್‌ಬಾಕ್ಸ್ ಒನ್‌ಗೆ ಮಾತ್ರ ನೇರವಾಗಿ ಜೋಡಣೆಯಾಗುತ್ತದೆ. ನಂತರದ ‘ಒನ್ ಎಸ್’ ಮತ್ತು ‘ಒನ್ ಎಕ್ಸ್’ ಮಾದರಿಗಳಿಗೆ ಬೇಕಾದ ಅಡಾಪ್ಟರಿನ ತಯಾರಿಕೆ ನಿಂತುಹೋಗಿದೆ, ಈಗಿನ ‘ಸೀರೀಸ್’ ಯಂತ್ರಗಳಲ್ಲಿ ಕಿನೆಕ್ಟ್ ಕೆಲಸ ಮಾಡುವುದೇ ಇಲ್ಲ. 360ರ ಆನ್‌ಲೈನ್ ಅಂಗಡಿ 2024ರ ಜುಲೈ 29ರಂದು ಮುಚ್ಚಿರುವುದರಿಂದ, ಆಟಗಳನ್ನು ಡಿಸ್ಕ್ ರೂಪದಲ್ಲಿಯೇ ಕೇಳಿ ಪಡೆಯಬೇಕು.

ಅಮೆರಿಕದಿಂದ ಬಂದ ಯಂತ್ರವಾದರೆ ವಿದ್ಯುತ್ ಅಡಾಪ್ಟರಿನ ಹಿಂಬದಿಯನ್ನು ಮೊದಲು ಓದಿ. ನಮ್ಮ ಮನೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್. ಅಡಾಪ್ಟರಿನ ಮೇಲೆ 110 ಅಥವಾ 120ರ ಆಸುಪಾಸಿನ ಸಂಖ್ಯೆ ಮಾತ್ರ ಇದ್ದರೆ ಅದನ್ನು ಯಾವ ಕಾರಣಕ್ಕೂ ಚುಚ್ಚಬೇಡಿ; ಪಿನ್ ಬದಲಿಸುವ ಅಗ್ಗದ ತುಂಡು ವೋಲ್ಟೇಜನ್ನು ಬದಲಿಸುವುದಿಲ್ಲ. ಕೆಲವು ಆಟದ ಡಿಸ್ಕ್‌ಗಳು ಬೇರೆ ವಲಯದ ಯಂತ್ರದಲ್ಲಿ ಓಡುವುದಿಲ್ಲ ಎಂಬುದನ್ನೂ ನೆನಪಿಡಿ. ಹಾಗೆಯೇ, 360ರ ಹಳೆಯ ಮಾದರಿಯಲ್ಲಿ ಕಿನೆಕ್ಟಿಗೆ ಪ್ರತ್ಯೇಕ ವಿದ್ಯುತ್ ತಂತಿ ಬೇಕು, 2010ರಲ್ಲಿ ಬಂದ ತೆಳು ಮಾದರಿಯಲ್ಲಿ ಅದಕ್ಕೆಂದೇ ಒಂದು ಕಿಂಡಿ ಇದೆ. ಮಾರುವವರು ಆ ಪ್ರತ್ಯೇಕ ತಂತಿಯನ್ನು ಮರೆತು ಕಳುಹಿಸುವುದು ಬಹಳ ಸಾಮಾನ್ಯ. ಜಾತ್ರೆಯ ಅಂಗಡಿಗಳಲ್ಲಿಯೂ ಜಾಲತಾಣಗಳಲ್ಲಿಯೂ ‘ಮೋಷನ್ ಗೇಮ್’ ಎಂದು ಅಗ್ಗಕ್ಕೆ ಮಾರುವ ಪೆಟ್ಟಿಗೆಗಳಲ್ಲಿ ಬಹುಪಾಲು ಕ್ಯಾಮೆರಾ ಇರುವುದಿಲ್ಲ. ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಬ್ಯಾಟು ಅಲುಗಿದ್ದನ್ನಷ್ಟೇ ಅವು ತಿಳಿಯುತ್ತವೆ. ಅವನ್ನು ಕೊಳ್ಳಬೇಡಿ.

ಅಳತೆ: ಎಲ್ಲರೂ ಎಡವುವ ಜಾಗ

ಕಂಪನಿಯ ಸೂಚನೆಯಂತೆ ಒಬ್ಬರು ಆಡಲು ಪಟ್ಟಿಯಿಂದ 6 ಅಡಿ, ಇಬ್ಬರು ಆಡಲು 8 ಅಡಿ ದೂರ ಬೇಕು. ಈಗ ಟೇಪು ತೆಗೆದುಕೊಂಡು ನಿಮ್ಮ ಹಾಲನ್ನು ಅಳೆಯಿರಿ. ಎಸ್‌ಐಟಿ ಬಡಾವಣೆಯಲ್ಲಿ ನಾನು ನೋಡಿದ ಮನೆಯ ಹಾಲ್ 12 ಅಡಿ ಉದ್ದವಿತ್ತು. ಟಿವಿ ಇಟ್ಟ ಶೋಕೇಸ್ ಒಂದೂವರೆ ಅಡಿ, ಎದುರು ಗೋಡೆಗೆ ಒರಗಿಸಿದ ಸೋಫಾ 3 ಅಡಿ. ಕಳೆದರೆ ಉಳಿದದ್ದು ಏಳೂವರೆ ಅಡಿ, ಅದರ ನಡುವೆ ಗಾಜಿನ ಟೀಪಾಯಿ. ‘12 ಅಡಿ ಹಾಲ್ ಇದೆಯಲ್ಲ, ಸಾಲದೇ?’ ಎಂದು ಮನೆಯವರು ನಂಬಿದ್ದರು. ಕೋಣೆಯ ಉದ್ದ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಟ್ಟಿಯ ಮುಖದಿಂದ ನಿಮ್ಮ ಹಿಮ್ಮಡಿಯವರೆಗಿನ ಖಾಲಿ ನೆಲವಷ್ಟೇ ಲೆಕ್ಕ.

ಆರು ಅಡಿ ಎಂಬ ಸೂಚನೆಯನ್ನೂ ಹಾಗೆಯೇ ಒಪ್ಪಿಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ. ಮೊದಲ ಪೀಳಿಗೆಯ ಪಟ್ಟಿಯ ನೋಟ ಅಡ್ಡಕ್ಕೆ 57 ಡಿಗ್ರಿ, ಲಂಬಕ್ಕೆ 43 ಡಿಗ್ರಿ. ಇದನ್ನು ಅಡಿಗೆ ಪರಿವರ್ತಿಸಿದರೆ, 6 ಅಡಿ ದೂರದಲ್ಲಿ ಅದಕ್ಕೆ ಕಾಣುವ ಎತ್ತರ ಸುಮಾರು 4.7 ಅಡಿ ಮಾತ್ರ. ಎಂಟು ವರ್ಷದ ಮಗುವಿಗೆ ಅದು ಸಾಕು. ಐದೂವರೆ ಅಡಿ ಎತ್ತರದ ತಂದೆ ಅಲ್ಲಿ ನಿಂತರೆ ತಲೆಯೋ ಪಾದವೋ ನೋಟದಿಂದ ಹೊರಗುಳಿಯುತ್ತದೆ. ಪರದೆಯ ಗೊಂಬೆಗೆ ಕಾಲು ಇಲ್ಲದಂತಾಗುವುದು ಇದರಿಂದಲೇ. 7 ಅಡಿಗೆ ಹಿಂದೆ ಸರಿದರೆ ಕಾಣುವ ಎತ್ತರ ಐದೂವರೆ ಅಡಿ, 8 ಅಡಿಯಲ್ಲಿ ಸುಮಾರು 6.3 ಅಡಿ. ಆದ್ದರಿಂದ ವಯಸ್ಕರು ಒಬ್ಬರೇ ಆಡುವುದಾದರೂ 7 ಅಡಿಗಿಂತ ಕಡಿಮೆ ಬೇಡ. ಕೈ ಎತ್ತಿ ಜಿಗಿಯುವ ಆಟಗಳಿಗೆ 8 ಅಡಿ ಇದ್ದರೆ ಒಳ್ಳೆಯದು. ಹನ್ನೊಂದೂವರೆ ಅಡಿ ದಾಟಿದರೆ ಲೆಕ್ಕ ಮತ್ತೆ ಮಸುಕಾಗುತ್ತದೆ. ಎರಡನೆಯ ಪೀಳಿಗೆಯ ಪಟ್ಟಿಗೆ ಲಂಬ ನೋಟ 60 ಡಿಗ್ರಿ ಇರುವುದರಿಂದ 6 ಅಡಿಯಲ್ಲಿಯೇ ಸುಮಾರು 7 ಅಡಿ ಎತ್ತರ ಕಾಣುತ್ತದೆ.

ಜಾಗ ಸಾಲದಿದ್ದರೆ ಏನು ಮಾಡಬೇಕು? ಮೇಲೆ ಹೇಳಿದ ಮನೆಯಲ್ಲಿ ಟೀಪಾಯಿಯನ್ನು ಹೊರಗಿಟ್ಟು, ಸೋಫಾವನ್ನು ಪಕ್ಕದ ಗೋಡೆಗೆ ತಿರುಗಿಸಿದೆವು; ಹತ್ತೂವರೆ ಅಡಿ ಸಿಕ್ಕಿತು. ಹಾಗೆ ಮಾಡಲಾಗದಿದ್ದರೆ ಟಿವಿಯನ್ನು ಹಾಲ್ ಮತ್ತು ಊಟದ ಕೋಣೆ ಒಂದೇ ಗೆರೆಯಲ್ಲಿ ಬರುವ ಗೋಡೆಗೆ ಸಾಗಿಸಿ. ಪಟ್ಟಿಯ ಮೇಲೆ ಸಿಕ್ಕಿಸಿ ‘ದೂರವನ್ನು ಕಡಿಮೆ ಮಾಡುವ’ ಪ್ಲಾಸ್ಟಿಕ್ ಲೆನ್ಸ್ ಮಾರಾಟಕ್ಕಿದೆ. ಅದು ನೋಟವನ್ನು ಅಗಲಿಸುವುದು ನಿಜವಾದರೂ ಚುಕ್ಕೆಗಳನ್ನೂ ಬಾಗಿಸುವುದರಿಂದ ಕೈ ಒಂದೆಡೆ ಇದ್ದರೆ ಯಂತ್ರ ಇನ್ನೊಂದೆಡೆ ಎಣಿಸುತ್ತದೆ. ಆ ಹಣಕ್ಕೆ ಒಂದು ಒಳ್ಳೆಯ ರಬ್ಬರ್ ಚಾಪೆ ತನ್ನಿ.

ಬೆಳಕು ಮತ್ತು ಗಾಜು

ಸೂರ್ಯನ ಬೆಳಕಿನಲ್ಲಿ ಅವಕೆಂಪು ಕಿರಣ ಧಾರಾಳವಾಗಿದೆ. ಪಶ್ಚಿಮದ ಕಿಟಕಿಯಿಂದ ಇಳಿಬಿಸಿಲು ನೆಲದ ಮೇಲೆ ಬಿದ್ದಾಗ, ಹಗಲಿನಲ್ಲಿ ನಕ್ಷತ್ರಗಳು ಅಳಿಸಿಹೋಗುವಂತೆ ಪಟ್ಟಿಯ ಚುಕ್ಕೆಗಳು ಅದರಲ್ಲಿ ಅಳಿಸಿಹೋಗುತ್ತವೆ. ನಮ್ಮ ಊರಿನ ಮಾರ್ಚ್, ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆ ಮೊದಲ ಪ್ರಯೋಗಕ್ಕೆ ಅತ್ಯಂತ ಕೆಟ್ಟ ಹೊತ್ತು. ತೆಳು ಪರದೆ ಎಳೆದರೆ ನಮ್ಮ ಕಣ್ಣಿಗೆ ನೆರಳೆನಿಸುತ್ತದೆ, ಅವಕೆಂಪು ಕಿರಣ ಅದರ ಮೂಲಕವೂ ಒಳಗೆ ಬರುತ್ತದೆ. ದಪ್ಪ ಪರದೆ ಹಾಕಿ, ಇಲ್ಲವೇ ಕಿಟಕಿಯ ಮರದ ಬಾಗಿಲನ್ನೇ ಮುಚ್ಚಿ. ಎಲ್ಲಕ್ಕಿಂತ ಉತ್ತಮವೆಂದರೆ ಮೊದಲ ದಿನ ಕತ್ತಲಾದ ಮೇಲೆ ಆಡುವುದು. ಮೈಯ ಚಲನೆಯನ್ನು ಅರಿಯಲು ಯಂತ್ರಕ್ಕೆ ಬೆಳಕೇ ಬೇಕಿಲ್ಲ, ಅದರ ದೀಪವೇ ಅದಕ್ಕೆ ಸಾಕು. ಆದರೆ ಮುಖ ನೋಡಿ ಆಟಗಾರರನ್ನು ಗುರುತಿಸುವ ಕೆಲಸ ಸಾಮಾನ್ಯ ಕ್ಯಾಮೆರಾದ್ದಾದ್ದರಿಂದ ಎಲ್‌ಇಡಿ ಅಥವಾ ಟ್ಯೂಬ್‌ಲೈಟ್ ಉರಿಯುತ್ತಿರಲಿ. ಹಳೆಯ ತಂತಿ ಬಲ್ಬನ್ನೂ ಹ್ಯಾಲೊಜೆನ್ ದೀಪವನ್ನೂ ಆರಿಸಿ, ಅವೂ ಅವಕೆಂಪು ಕಿರಣವನ್ನು ಸೂಸುತ್ತವೆ.

ಆಟಗಾರರ ಹಿಂದೆ ಕನ್ನಡಿ ಇರುವ ಬೀರು ಅಥವಾ ಗಾಜಿನ ಶೋಕೇಸ್ ಇದ್ದರೆ ಒಂದು ಬೆಡ್‌ಶೀಟ್ ಹೊದಿಸಿ. ಕನ್ನಡಿಯಿಂದ ಹಿಂದಿರುಗುವ ಚುಕ್ಕೆಗಳು ಯಂತ್ರವನ್ನು ದಾರಿ ತಪ್ಪಿಸುತ್ತವೆ.

ಉಡುಪಿನ ವಿಷಯವೂ ಇದಕ್ಕೇ ಸೇರಿದ್ದು. ಯಂತ್ರ ಕಾಲನ್ನು ಹುಡುಕುವುದು ಆಕಾರದಿಂದ. ಸೀರೆ, ಲಂಗ, ಪಂಚೆ, ಲುಂಗಿಗಳಲ್ಲಿ ಎರಡು ಕಾಲುಗಳು ಒಂದೇ ಕಂಬದಂತೆ ಕಾಣುತ್ತವೆ. ಕ್ಯಾತ್ಸಂದ್ರದ ಮನೆಯೊಂದರಲ್ಲಿ ಅರವತ್ತು ದಾಟಿದ ಅಜ್ಜಿಯವರು ಬಹಳ ಉತ್ಸಾಹದಿಂದ ಮುಂದೆ ಬಂದು, ಗೊಂಬೆ ಹೆಜ್ಜೆ ಹಾಕದಿದ್ದಾಗ ‘ನನ್ನಂಥೋರಿಗಲ್ಲ ಬಿಡಪ್ಪ ಇದು’ ಎಂದು ಕುಳಿತುಬಿಟ್ಟರು. ಮರುದಿನ ಸೊಸೆಯ ಚೂಡಿದಾರ್ ತೊಟ್ಟು ಬಂದಾಗ ಅದೇ ಯಂತ್ರ ಅವರ ಒಂದೊಂದು ಹೆಜ್ಜೆಯನ್ನೂ ಹಿಡಿಯಿತು. ಇದು ಮನೆಯ ಹಿರಿಯ ಹೆಂಗಸರನ್ನು ಆಟದಿಂದ ದೂರವಿಡುವ ದೊಡ್ಡ ಕಾರಣವಾಗಿರುವುದರಿಂದ ಮೊದಲೇ ಅವರಿಗೆ ತಿಳಿಸಿಹೇಳಬೇಕು. ಸೀರೆ ಬಿಡಲು ಒಪ್ಪದವರಿಗೆ ಕೈಯಿಂದಷ್ಟೇ ಆಡುವ ಬೌಲಿಂಗ್ (ಚೆಂಡು ಉರುಳಿಸಿ ಗೂಟ ಬೀಳಿಸುವ ಆಟ), ಟೇಬಲ್ ಟೆನಿಸ್ ಹೊಂದುತ್ತವೆ.

ಪಟ್ಟಿಯನ್ನು ಇಡುವುದು, ಹೊಂದಿಸುವುದು

ನೆಲದಿಂದ 2 ಅಡಿಗಿಂತ ಮೇಲೆ, 6 ಅಡಿಗಿಂತ ಕೆಳಗೆ, ಟಿವಿಯ ನಡುಭಾಗಕ್ಕೆ ನೇರವಾಗಿ, ಶೆಲ್ಫಿನ ಅಂಚಿಗೆ ಸರಿಸಿ ಇಡಿ. ಸ್ಪೀಕರಿನ ಮೇಲಾಗಲಿ, ಎಕ್ಸ್‌ಬಾಕ್ಸಿನ ಮೇಲಾಗಲಿ ಬೇಡ, ಕಂಪನದಿಂದ ನೋಟ ಅದುರುತ್ತದೆ. ತಂತಿಗಳನ್ನು ಜೋಡಿಸುವುದು ಎರಡು ನಿಮಿಷದ ಕೆಲಸ.

360ರ ಪಟ್ಟಿಯ ಕುತ್ತಿಗೆಯಲ್ಲಿ ಮೋಟರ್ ಇದೆ. ಅದು ತಾನಾಗಿ ಮೇಲಕ್ಕೂ ಕೆಳಕ್ಕೂ 27 ಡಿಗ್ರಿ ಬಾಗಿ ಆಟಗಾರನನ್ನು ಹುಡುಕಿಕೊಳ್ಳುತ್ತದೆ. ಈ ಪಟ್ಟಿಯನ್ನು ಕೈಯಿಂದ ಬಗ್ಗಿಸಲೇಬಾರದು. ಆರಂಭದಲ್ಲಿ ಹೇಳಿದ ನಾಲ್ಕನೆಯ ಮನೆಯಲ್ಲಿ ನಿಜವಾಗಿಯೂ ಕೆಟ್ಟಿದ್ದದ್ದು ಈ ಮೋಟರ್. ಧೂಳು ಒರೆಸುವಾಗ ಪ್ರತಿ ಬಾರಿಯೂ ತಲೆಯನ್ನು ಹಿಡಿದು ತಿರುಗಿಸಿದ್ದರಿಂದ ಅದರ ಹಲ್ಲುಗಳು ಸವೆದು, ಪಟ್ಟಿ ನೆಲವನ್ನೇ ನೋಡುತ್ತ ನಿಂತಿತ್ತು.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿರುವ ಕಿನೆಕ್ಟ್ ಟ್ಯೂನರನ್ನು ತೆರೆದು ಅದು ಹೇಳಿದಂತೆ ಮಾಡಿ. ಧ್ವನಿಯನ್ನು ಹೊಂದಿಸುವಾಗ ಕೋಣೆಯ ಸದ್ದನ್ನು ಅದು ಅಳೆಯುವುದರಿಂದ, ಆಡುವಾಗ ಫ್ಯಾನು ಎಷ್ಟು ಜೋರಾಗಿರುತ್ತದೆಯೋ ಅಷ್ಟೇ ಜೋರಾಗಿ ಆಗಲೂ ತಿರುಗುತ್ತಿರಲಿ. ಮಾತಿನ ಆಜ್ಞೆ ಕನ್ನಡದಲ್ಲಿ ಇಲ್ಲ. ಅದನ್ನು ನಂಬಿಕೊಂಡು ಕೊಳ್ಳಬೇಡಿ.

ಮೊದಲ ವಾರ

ಬಹಳಷ್ಟು ಪಟ್ಟಿಗಳ ಜೊತೆಗೇ ಬಂದಿರುವ ‘ಕಿನೆಕ್ಟ್ ಅಡ್ವೆಂಚರ್ಸ್’ ಆಟದಿಂದಲೇ ಶುರು ಮಾಡಿ. ಮೊಸಾಯಿಕ್ ಮತ್ತು ಗ್ರಾನೈಟ್ ನೆಲದ ಮೇಲೆ ಕಾಲುಚೀಲ ಜಾರುತ್ತದೆ, ಜಮಖಾನವೂ ಜಾರುತ್ತದೆ. ಬರಿಗಾಲು ಅಥವಾ ರಬ್ಬರ್ ಚಾಪೆ ಒಂದೇ ಸರಿ. ಮಹಡಿ ಮನೆಯಾದರೆ ಕೆಳಗಿನವರ ನಿದ್ದೆಯ ಹೊತ್ತನ್ನು ಕೇಳಿ ತಿಳಿದುಕೊಂಡು ಆಡಿ, ಜಿಗಿತದ ಸದ್ದು ಕೆಳಗೆ ಜೋರಾಗಿ ಕೇಳಿಸುತ್ತದೆ.

ಮೆನುವಿನಲ್ಲಿ ಗುಂಡಿಯ ಮೇಲೆ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ, ವೃತ್ತ ತುಂಬುವವರೆಗೆ ಕಾಯಬೇಕು. ಮೊದಲ ದಿನ ಇದು ಬೇಸರ ತರುತ್ತದೆ, ಮೂರನೆಯ ದಿನಕ್ಕೆ ಕೈಗೆ ಅಭ್ಯಾಸವಾಗುತ್ತದೆ. ಇನ್ನೊಂದು ದೂರು ಗೊಂಬೆ ತುಸು ತಡವಾಗಿ ಅಲುಗುತ್ತದೆ ಎಂಬುದು. ಅದು ನಿಜ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ, ಪ್ರತಿ ಚಿತ್ರದಲ್ಲೂ ಮೈಯನ್ನು ಹುಡುಕಬೇಕು. ಅದರ ಮೇಲೆ ಟಿವಿ ಚಿತ್ರವನ್ನು ಅಂದಗೊಳಿಸಲು ತನ್ನ ಪಾಲಿನ ಸಮಯ ತೆಗೆದುಕೊಳ್ಳುತ್ತದೆ. ಟಿವಿಯ ಪಾಲನ್ನು ನೀವು ಕಡಿಮೆ ಮಾಡಬಹುದು: ಅದರ ಸೆಟ್ಟಿಂಗ್ಸ್‌ನಲ್ಲಿ ‘ಗೇಮ್ ಮೋಡ್’ ಹಾಕಿ. ಇದೊಂದನ್ನು ಮಾಡದೆ ‘ನಿಧಾನ’ ಎನ್ನುವವರನ್ನು ನಾನು ಪ್ರತಿ ಮನೆಯಲ್ಲೂ ಕಂಡಿದ್ದೇನೆ. ಉಳಿದ ತಡವನ್ನು ಸಹಿಸಲೇಬೇಕು. ಆದ್ದರಿಂದ ಗುರಿಯಿಟ್ಟು ಹೊಡೆಯುವ ಆಟಗಳಿಗಿಂತ ನೃತ್ಯ, ಓಟದಂಥ ಇಡೀ ಮೈಯ ಆಟಗಳನ್ನು ಆರಿಸಿ.

ಮಿಕ್ಕವರು ಸೋಫಾದಲ್ಲಿ ಕುಳಿತು ನೋಡಲಿ, ಆದರೆ ಆಟಗಾರರ ಪಕ್ಕದಲ್ಲಿ ಓಡಾಡದಿರಲಿ. 360ರ ಪಟ್ಟಿಗೆ ಆರು ಮಂದಿಯವರೆಗೆ ಕಾಣುತ್ತಾರಾದರೂ ಸಂಧಿಗಳನ್ನು ಪೂರ್ತಿಯಾಗಿ ಹಿಂಬಾಲಿಸುವುದು ಇಬ್ಬರದನ್ನು ಮಾತ್ರ, ನಡುವೆ ಹಾದುಹೋದ ತಮ್ಮನಿಗೆ ಅಕ್ಕನ ಗೊಂಬೆ ಅಂಟಿಕೊಳ್ಳುವುದುಂಟು.

ಒಂದು ವಾರದ ನಂತರವೂ ಗೊಂಬೆ ನಡುಗುತ್ತಿದ್ದರೆ ಹೀಗೆ ಪರೀಕ್ಷಿಸಿ. ರಾತ್ರಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹಿಂದೆ ಗಾಜಿಲ್ಲದ ಗೋಡೆಯೆದುರು, ಪ್ಯಾಂಟು ತೊಟ್ಟ ಒಬ್ಬರೇ 8 ಅಡಿ ದೂರದಲ್ಲಿ ನಿಂತು ಟ್ಯೂನರಿನಲ್ಲಿ ನೋಡಿ. 360ರ ಪಟ್ಟಿಯಾದರೆ ಅದರ ಎಡಬದಿಯ ಗಾಜಿನೊಳಗೆ ದೀಪದ ಮಂಕು ಕೆಂಪು ಹೊಳಪು ಕಾಣಬೇಕು. ಆ ಹೊಳಪು ಇಲ್ಲದಿದ್ದರೆ ಅಥವಾ ನಿಮ್ಮ ಆಕಾರ ಪರದೆಯ ಮೇಲೆ ಮೂಡದಿದ್ದರೆ ಪಟ್ಟಿ ಕೆಟ್ಟಿದೆ ಎಂದರ್ಥ. ಆಗ ಅದನ್ನು ಮಾರಿದವರಿಗೆ ಹಿಂದಿರುಗಿಸಿ.