ತರಗತಿಯಲ್ಲಿ ಬಾಯಿ ಬಿಡದ ಮಕ್ಕಳನ್ನು ಮಾತಿಗೆ ತರುವುದು ಹೇಗೆ?

ಪ್ರಶ್ನೆ ಕೇಳಿದ ಕೂಡಲೇ ಕೈ ಎತ್ತುವವರು ದಿನವೂ ಅದೇ ನಾಲ್ಕೈದು ಮಂದಿ. ಉಳಿದವರಿಗೆ ಉತ್ತರ ಗೊತ್ತಿಲ್ಲವೆಂದು ತಿಳಿಯಬೇಡಿ. ಎಲ್ಲರೆದುರು ತಪ್ಪು ಹೇಳಿಬಿಟ್ಟರೆ ಎಂಬ ಅಳುಕು ಹಲವರಿಗೆ. ಇನ್ನು ಕೆಲವರು ಯೋಚಿಸಿ ಮುಗಿಸುವಷ್ಟರಲ್ಲಿ ಬೇರೆ ಯಾರೋ ಉತ್ತರ ಹೇಳಿಯಾಗಿರುತ್ತದೆ. ‘ಹೆದರಬೇಡ, ಮಾತಾಡು’ ಎಂದ ಮಾತ್ರಕ್ಕೆ ಇವೆರಡೂ ಹೋಗುವುದಿಲ್ಲ. ಎಲ್ಲರ ಮುಂದೆ ಆಡಬೇಕಾದ ಮಾತನ್ನು ಮೊದಲು ತನ್ನಷ್ಟಕ್ಕೆ, ಆಮೇಲೆ ಒಬ್ಬರ ಮುಂದೆ ಆಡಿ ನೋಡಲು ಜಾಗ ಬೇಕು.

ಮೊದಲು ನಮ್ಮ ಅವಸರ ಬಿಡೋಣ. ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡ್ ಮಾತ್ರ ಕಾಯುತ್ತಾರೆಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿಕೊಟ್ಟರು. 3 ಸೆಕೆಂಡಿಗಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಹೊಸಬರೂ ಬಾಯಿ ತೆರೆದರು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಮಗು ಉತ್ತರಿಸಿದ ಮೇಲೂ ಅಷ್ಟೇ ಕಾಯಿರಿ. ಅನೇಕ ಸಲ ಒಳ್ಳೆಯ ಮಾತು ಆ ಎರಡನೇ ಮೌನದಲ್ಲಿ ಬರುತ್ತದೆ.

ಇನ್ನು ಮುಖ್ಯ ವಿಧಾನ. ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ವಿವರಿಸಿದ ‘ಥಿಂಕ್-ಪೇರ್-ಶೇರ್’ (ಯೋಚಿಸು, ಜೋಡಿಯಾಗು, ಹಂಚಿಕೋ) ಇದರ ಮೂಲ. ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದು ನಿಮಿಷ ಎಲ್ಲರೂ ನೋಟ್‌ಬುಕ್‌ನಲ್ಲಿ ಬರೆಯಲಿ, ಮಾತಿಲ್ಲ. ಆಮೇಲೆ ಎರಡು ನಿಮಿಷ ಪಕ್ಕದವರೊಂದಿಗೆ ಮಾತು. ಕೊನೆಗೆ ಇಡೀ ತರಗತಿಗೆ ಬರುವಾಗ ‘ನಿನ್ನ ಪಕ್ಕದವರು ಏನಂದರು?’ ಎಂದು ಕೇಳಿ. ಇನ್ನೊಬ್ಬರ ಮಾತು ಒಪ್ಪಿಸುವಾಗ ತಪ್ಪಿನ ಭಾರ ತನ್ನ ಮೇಲಿರುವುದಿಲ್ಲ. ಇದು ಕೆಡುವುದು ಸಾಮಾನ್ಯವಾಗಿ ಎರಡು ಕಡೆ: ಬರೆಯುವ ನಿಮಿಷವನ್ನು ಕೈಬಿಟ್ಟರೆ ಜೋಡಿಯಲ್ಲಿ ಜೋರಿನವರೇ ಮಾತಾಡುತ್ತಾರೆ, ಒಂದೇ ಪದದ ಉತ್ತರವಿರುವ ಪ್ರಶ್ನೆಯಾದರೆ ಹತ್ತು ಸೆಕೆಂಡಿನಲ್ಲಿ ಚರ್ಚೆ ಮುಗಿದು ಹರಟೆ ಶುರುವಾಗುತ್ತದೆ. ‘ಯಾಕೆ’, ‘ಎರಡರಲ್ಲಿ ಯಾವುದು ಸರಿ, ಹೇಗೆ ಹೇಳುತ್ತೀರಿ’ ಎಂಬ ಬಗೆಯ ಪ್ರಶ್ನೆ ಆರಿಸಿ.

ತೀರಾ ಮೌನಿಯಾದ ಮಗುವಿಗೆ ಹಿಂದಿನ ದಿನವೇ ಗುಟ್ಟಾಗಿ ಹೇಳಿಡಿ: ‘ನಾಳೆ ಈ ಪ್ರಶ್ನೆ ನಿನ್ನನ್ನು ಕೇಳ್ತೀನಿ.’ ಚೀಟಿ ಎತ್ತಿ ಹೆಸರು ಕರೆಯುವ ಪದ್ಧತಿ ಆಮೇಲಿರಲಿ.

‘ಗೊತ್ತಿಲ್ಲ’ ಅಂದರೆ ಗದರುವುದೂ ಬೇಡ, ಬಿಟ್ಟುಬಿಡುವುದೂ ಬೇಡ. ‘ಇನ್ನಿಬ್ಬರನ್ನು ಕೇಳಿ ಬರ್ತೀನಿ, ಯಾರ ಮಾತು ಸರಿ ಅನ್ನಿಸಿತು ಹೇಳು’ ಎನ್ನಿ. ಮರೆಯದೆ ಆ ಮಗುವಿನ ಹತ್ತಿರ ಮರಳಿ ಬನ್ನಿ. ಉತ್ತರ ತಪ್ಪಾದರೆ ಅದರಲ್ಲಿ ಸರಿಯಿರುವ ತುಣುಕನ್ನು ಹಿಡಿದು ಮುಂದುವರಿಸಿ. ಯಾರಾದರೂ ನಕ್ಕರೆ ಆ ಕ್ಷಣವೇ ತಡೆಯಿರಿ. ಒಂದು ನಗು ತಿಂಗಳ ಕೆಲಸ ಕೆಡಿಸುತ್ತದೆ.

‘ಅಬ್ಬಾ, ಇವತ್ತು ಇವಳೂ ಮಾತಾಡಿದಳು!’ ಎಂಬ ಹೊಗಳಿಕೆಯಂತೂ ಬೇಡವೇ ಬೇಡ. ಎಲ್ಲರ ಕಣ್ಣು ತನ್ನ ಮೇಲೆ ಬೀಳುವುದೇ ಅವಳ ಭಯ. ತರಗತಿ ಮುಗಿದ ಮೇಲೆ ‘ನೀನು ಕೊಟ್ಟ ಕಾರಣ ಚೆನ್ನಾಗಿತ್ತು’ ಎಂದರೆ ಸಾಕು.

ಎರಡು ವಾರ ಹೆಸರಿನ ಪಟ್ಟಿಯಲ್ಲಿ ಮಾತಾಡಿದವರಿಗೆ ಗುರುತು ಹಾಕುತ್ತಾ ಬನ್ನಿ. ಯಾರು ಬಿಟ್ಟುಹೋಗಿದ್ದಾರೆಂದು ನಿಮಗೇ ಕಾಣುತ್ತದೆ. ಮನೆಯಲ್ಲಿ ಸಲೀಸಾಗಿ ಮಾತಾಡುವ ಮಗು, ಶಾಲೆ ಶುರುವಾದ ಮೊದಲ ತಿಂಗಳು ಕಳೆದ ಮೇಲೂ ತಿಂಗಳುಗಟ್ಟಲೆ ಶಾಲೆಯಲ್ಲಿ ಒಂದು ಮಾತೂ ಆಡದಿದ್ದರೆ ಅದು ಬರೀ ನಾಚಿಕೆ ಆಗಿರಲಿಕ್ಕಿಲ್ಲ. ಒತ್ತಾಯ ನಿಲ್ಲಿಸಿ, ಪೋಷಕರೊಂದಿಗೆ ಮಾತಾಡಿ, ಮಕ್ಕಳ ಮನೋತಜ್ಞರಿಗೆ ತೋರಿಸಲು ಹೇಳಿ.